ಮಾಸ್ತರು ಬರೆದ ವಯಸ್ಸು

ಡಾಕ್ಟರು ವಯಸ್ಸು ಕೇಳಿದಾಗ ಸುಮನ ಬಾಯಿಂದ ಹೇಳಲಿಲ್ಲ. ಪರ್ಸಿನಿಂದ ಆಧಾರ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಕಾರ್ಡು ಹೇಳಿದ್ದು ತಾನು ಹೇಳಿದಂತಲ್ಲ ಎಂಬುದೊಂದು ಹಳೆಯ ಸಮಾಧಾನ ಅವಳಿಗಿತ್ತು. ಹುಟ್ಟಿದ ತಾರೀಖು ಒಂದು, ಆರು, ತೊಂಬತ್ತೊಂದು. ಶೈಲಾ ಡಾಕ್ಟರು ಮನಸ್ಸಿನಲ್ಲೇ ಕಳೆದು ಫೈಲಿನ ತಲೆಯ ಮೇಲೆ ಮೂವತ್ತೊಂದು ಎಂದು ಬರೆದರು.

ಅದು 2023ರ ಜನವರಿ. ಗೋಕಾಕಿನ ಆ ಸಣ್ಣ ದವಾಖಾನೆಗೆ ಸುಮನ ತನ್ನ ಗಂಡ ಸ್ವಪ್ನಿಲ್‌ನ ಜೊತೆ ಹುಕ್ಕೇರಿಯಿಂದ ಬಂದಿದ್ದಳು. ಮದುವೆಯಾಗಿ ಎಂಟು ತಿಂಗಳಾಗಿತ್ತು, ಬಸಿರು ನಿಂತಿರಲಿಲ್ಲ. ಎಂಟು ತಿಂಗಳಿಗೇ ಡಾಕ್ಟರ ಹತ್ತಿರ ಹೋಗೋಣ ಎಂದು ಹಟ ಹಿಡಿದವಳು ಅವಳೇ. ನಿಡಸೋಸಿಯ ಕಾಲೇಜಿನಲ್ಲಿ ಲ್ಯಾಬ್ ಸಹಾಯಕನಾಗಿದ್ದ ಸ್ವಪ್ನಿಲ್ ಯಾಕಿಷ್ಟು ಅವಸರ ಎಂದು ಒಂದು ಮಾತೂ ಕೇಳದೆ ರಜೆ ಹಾಕಿ ಹೊರಟಿದ್ದ.

ಡಾಕ್ಟರು ನಿಧಾನವಾಗಿ ಎಲ್ಲವನ್ನೂ ಕೇಳಿದರು. ಮುಟ್ಟು ತಿಂಗಳಿಗೆ ಸರಿಯಾಗಿ ಆಗುತ್ತದೆಯೇ, ಹೊಟ್ಟೆಯ ಆಪರೇಶನ್ ಏನಾದರೂ ಆಗಿದೆಯೇ, ಗಂಡನಿಗೆ ತಂಬಾಕು, ಗುಟ್ಕಾ ಇದೆಯೇ, ಸಣ್ಣವನಿದ್ದಾಗ ಗದ್ದಬಾವು ಆಗಿತ್ತೇ. ದಿನವಿಡೀ ಬಸ್ಸಿನಲ್ಲಿ ನಿಂತು ಕುಲುಕಾಡುವುದರಿಂದ ಏನಾದರೂ ಆಗಿರಬಹುದೇ ಎಂದು ಸುಮನ ಕೇಳಿದಳು. ಅವಳು ಸರ್ಕಾರಿ ಬಸ್ಸಿನ ಕಂಡಕ್ಟರ್. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ನಕ್ಕರು. ಎಲ್ಲ ಕೇಳಿ ಮುಗಿದ ಮೇಲೆ ಪೆನ್ನು ಕೆಳಗಿಟ್ಟರು.

"ಮೂವತ್ತೊಂದಂದ್ರ ಇನ್ನೂ ಟೈಮ್ ಐತಿ ನಿಮಗ. ಈ ವಯಸ್ಸಿನವರು ಒಂದು ವರ್ಷ ನೋಡಬೇಕು. ವರ್ಷ ತುಂಬಿದ್ರೂ ಆಗಲಿಲ್ಲಂದ್ರ ಇಬ್ಬರೂ ಕೂಡೇ ಬರ್ರಿ. ಬರೇ ಹೆಂಡ್ತೀನ್ನ ಕಳಸಬ್ಯಾಡ್ರಿ ಮತ್ತ," ಎಂದು ಸ್ವಪ್ನಿಲ್‌ನ ಕಡೆ ನೋಡಿದರು. "ಮೂವತ್ತೈದು ದಾಟಿದ್ರ ಮಾತು ಬ್ಯಾರೆ ಇತ್ತು. ಅವರಿಗೆ ಆರು ತಿಂಗಳ ಮ್ಯಾಲೆ ಕಾಯಾಕ ಬಿಡೂದಿಲ್ಲ ನಾವು. ಇವತ್ತ ತಪಾಸಣಿ ಸುರು ಮಾಡ್ತಿದ್ದೆ."

ಸುಮನಳಿಗೆ ನಿಜಕ್ಕೂ ಮೂವತ್ತೈದು ತುಂಬಿ ಆಗಲೇ ತಿಂಗಳುಗಳಾಗಿದ್ದವು.

ಹೇಳಬೇಕೆಂದು ಒಮ್ಮೆ ತಲೆ ಎತ್ತಿದಳು. ಪಕ್ಕದಲ್ಲಿ ಸ್ವಪ್ನಿಲ್ ಕೂತಿದ್ದ. ಅವನೂ ಏನೋ ಕೇಳುವವನಂತೆ ಮುಂದಕ್ಕೆ ಬಾಗಿ, ಮತ್ತೆ ಕುರ್ಚಿಗೆ ಒರಗಿದ. ಡಾಕ್ಟರು ದಿನಕ್ಕೊಂದರಂತೆ ನುಂಗುವ ಸಣ್ಣ ಮಾತ್ರೆಗಳನ್ನು ಬರೆದುಕೊಟ್ಟು ಮುಂದಿನವರನ್ನು ಕರೆದರು. ಹೊರಗೆ ಬಂದಮೇಲೆ ಸ್ವಪ್ನಿಲ್ ಚಹಾ ಕುಡಿಯೋಣವೇ ಎಂದ. ಕುಡಿದರು. ಇಬ್ಬರೂ ಡಾಕ್ಟರ ಮಾತು ತೆಗೆಯಲಿಲ್ಲ.

ಈ ನಾಲ್ಕು ವರ್ಷಗಳ ಅಂತರ ಸುಮನ ಮಾಡಿದ್ದಲ್ಲ. ಅವಳ ತವರು ಮೂಡಲಗಿ ತಾಲೂಕಿನ ಮಸಗುಪ್ಪಿ. ತಂದೆ ಬೇಗ ತೀರಿಕೊಂಡಿದ್ದ. ತಾಯಿ ರಾಯವ್ವ ಮಂದಿಯ ಹೊಲದಲ್ಲಿ ಕೂಲಿ ಮಾಡುತ್ತಿದ್ದಳು. ತಾಯಿ ಕಬ್ಬಿನಲ್ಲಿ ಕಳೆ ತೆಗೆಯಲು ಇಳಿದರೆ ಕೈಗೂಸಾಗಿದ್ದ ತಮ್ಮನನ್ನು ಬಗಲಲ್ಲಿ ಹೊತ್ತು ಬದುವಿನ ಮೇಲೆ ಕೂರುವುದು ಸುಮನಳ ಪಾಲಿನ ಕೆಲಸ. ತಮ್ಮ ನಡೆಯಲು ಕಲಿತು, ಅಂಗನವಾಡಿಗೆ ಹೋಗಿ ಕೂರುವಂತಾಗುವ ಹೊತ್ತಿಗೆ ಇವಳಿಗೆ ಹತ್ತು ತುಂಬಿತ್ತು. ಆ ವರ್ಷ ಶಾಲೆ ಶುರುವಾಗುವಾಗ ದುಂಡಪ್ಪ ಮಾಸ್ತರರು ಕೇರಿಗೆ ಬಂದು ಮಕ್ಕಳ ಹೆಸರು ಬರೆದುಕೊಳ್ಳುತ್ತಿದ್ದರು. ಹುಟ್ಟಿದ ಚೀಟಿ ಯಾರ ಮನೆಯಲ್ಲೂ ಇರಲಿಲ್ಲ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಆರು ವರ್ಷವಾಯಿತೆಂದು ಲೆಕ್ಕ. ಸುಮನಳ ಕೈ ಕಿವಿಯನ್ನೂ ದಾಟಿ ಗದ್ದದ ತನಕ ಬಂತು.

"ಏನಬೇ ರಾಯವ್ವ, ಮಗಳನ್ನ ಸಾಲಿಗೆ ಹಾಕಾಕ ತಂದಿ ಏನ ಮದವಿ ಮಾಡಾಕ ತಂದಿ?" ಎಂದು ಮಾಸ್ತರರು ನಕ್ಕಿದ್ದರು. ನಗುತ್ತಲೇ ಆರು ವರ್ಷ ಎಂದು ಬರೆದರು. ದೊಡ್ಡವಳೆಂದು ಬರೆದರೆ ಒಂದನೆಯ ಇಯತ್ತೆಗೆ ತೆಗೆದುಕೊಳ್ಳಲು ತಕರಾರು. ಸಣ್ಣವಳೆಂದರೆ ಮುಂದೆ ನೌಕರಿಯ ಅರ್ಜಿ ಹಾಕುವಾಗ ನಾಲ್ಕು ವರ್ಷ ಕೈಯಲ್ಲಿರುತ್ತವೆ ಎಂದು ತಾಯಿಗೆ ತಿಳಿಸಿ ಹೇಳಿದರು. ತಾರೀಖು ಜೂನ್ ಒಂದು. ಆ ಕೇರಿಯ ಅರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು.

ಮಾಸ್ತರರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಅವರು ಹೇಳಿದಂತೆಯೇ ಆಯಿತು ಕೂಡ. ಸುಮನ ಹತ್ತನೆಯ ಇಯತ್ತೆ ಪಾಸಾದಳು, ಕೆಲವು ವರ್ಷ ಗೋಕಾಕಿನ ಬಟ್ಟೆ ಅಂಗಡಿಯಲ್ಲಿ ದುಡಿದಳು, ಆಮೇಲೆ ಕಂಡಕ್ಟರ್ ನೌಕರಿ ಹಿಡಿದಳು. ತಮ್ಮನನ್ನು ಓದಿಸಿದಳು. ತಾನು ಮದುವೆಯಾಗುವುದು ತಡವಾಗುತ್ತಿದೆ ಎಂದು ಮಂದಿ ಅಂದಾಗಲೆಲ್ಲ ಆ ನಾಲ್ಕು ವರ್ಷ ಅವಳ ಬೆನ್ನಿಗೆ ನಿಂತವು. ಸ್ವಪ್ನಿಲ್‌ನ ಕಡೆಯಿಂದ ಮಾತು ಬಂದಾಗ ಅವಳ ಸೋದರಮಾವ ಹುಡುಗಿಗೆ ಮೂವತ್ತೊಂದು ಹತ್ತಿರ ಬಂತು ಎಂದು ಹೇಳಿದ. ಸ್ವಪ್ನಿಲ್‌ಗೆ ಮೂವತ್ಮೂರು. ಎರಡು ವರ್ಷ ಅಂತರ, ಒಳ್ಳೆಯ ಜೋಡಿ ಎಂದರು ಎಲ್ಲರೂ. ಗೋಡೆಗೊರಗಿ ಕೂತಿದ್ದ ರಾಯವ್ವ ಏನೂ ಹೇಳಲಿಲ್ಲ. ಹುಕ್ಕೇರಿಯ ವಿಹಾರದಲ್ಲಿ ಬುದ್ಧನ ಮುಂದೆ ತ್ರಿಶರಣ, ಪಂಚಶೀಲ ಹೇಳಿ ಸುಮನ ಮದುವೆಯಾದಳು. ಸುಳ್ಳು ಹೇಳಬಾರದೆಂಬ ಮಾತೂ ಅಲ್ಲಿ ಬರುತ್ತದೆ. ಅದನ್ನು ಅವಳು ಹೇಳಿದಳು, ಸ್ವಲ್ಪ ಸಣ್ಣ ದನಿಯಲ್ಲಿ.

ಅವಳ ಹೆದರಿಕೆ ಒಂದೇ ಆಗಿದ್ದರೆ ಹೇಗೋ ದಾಟುತ್ತಿದ್ದಳು. ಗಂಡನಿಗಿಂತ ತಾನು ಎರಡು ವರ್ಷ ದೊಡ್ಡವಳು ಎಂಬುದು ಒಂದು. ನೌಕರಿ ಇನ್ನೊಂದು. ಸೇರುವಾಗ ಕೊಟ್ಟ ಮಾಹಿತಿಯೆಲ್ಲ ನಿಜವೆಂದು ಅವಳು ಸಹಿ ಮಾಡಿದ್ದಳು. ಡಿಪೋದಲ್ಲಿ ಭೀಮೇಶನೆಂಬ ಡ್ರೈವರನ ಹುಟ್ಟಿದ ತಾರೀಖು ಖರೆ ಅಲ್ಲ ಎಂದು ಯಾರೋ ಹೊಟ್ಟೆಕಿಚ್ಚಿಗೆ ಅರ್ಜಿ ಬರೆದು, ಅವನು ಎರಡು ವರ್ಷ ಕಾಗದ ಹಿಡಿದು ಅಲೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ದವಾಖಾನೆಯ ಫೈಲಿನಲ್ಲಿ ಒಂದು ವಯಸ್ಸು, ಡಿಪೋದ ಫೈಲಿನಲ್ಲಿ ಇನ್ನೊಂದು ವಯಸ್ಸು ಇದ್ದರೆ ಯಾವತ್ತಾದರೂ ಎರಡೂ ಒಂದೇ ಮೇಜಿಗೆ ಬಂದಾವು ಎಂದು ಅವಳಿಗೆ ಅನಿಸುತ್ತಿತ್ತು. ಹೇಗೆ ಬರುತ್ತವೆ, ಯಾರು ತರುತ್ತಾರೆ ಎಂದು ಅವಳು ಯೋಚಿಸಲು ಹೋಗುತ್ತಿರಲಿಲ್ಲ.

ಕೆಲಸದ ಮೇಲೆ ಅವಳು ಬಲು ಖಡಕ್ಕು. ಗೋಕಾಕ–ಹುಕ್ಕೇರಿ ಬಸ್ಸಿನಲ್ಲಿ ಮಕ್ಕಳ ವಯಸ್ಸು ಕಡಿಮೆ ಹೇಳಿ ಅರ್ಧ ಟಿಕೆಟ್ಟು ತಪ್ಪಿಸುವ ತಾಯಂದಿರು ದಿನಕ್ಕೆ ಹತ್ತು ಮಂದಿ ಸಿಗುತ್ತಿದ್ದರು. ಆ ಜನವರಿಯ ನಂತರ ಒಂದು ದಿನ ಘಟಪ್ರಭಾದಲ್ಲಿ ಹತ್ತಿದ ಹೆಂಗಸೊಬ್ಬಳು ಮಗಳಿಗೆ ಇನ್ನೂ ಐದು ತುಂಬಿಲ್ಲ ಎಂದಳು.

"ಮುಂದಿನ ಹಲ್ಲ ಬಿದ್ದ ಹೊಳ್ಳಿ ಬಂದಾವು. ಐದು ತುಂಬಿಲ್ಲಂತಿಯಲ್ಲಬೇ," ಎಂದಳು ಸುಮನ.

"ಲಗೂ ಬಿದ್ದಾವ್ರೀ ಅಕ್ಕಾ. ನಮ್ಮ ಮನ್ಯಾಗ ಎಲ್ಲಾರದೂ ಲಗೂ ಬೀಳ್ತಾವು."

"ನಾ ಎರಡನೇ ಇಯತ್ತಾ ಅದೇನ್ರಿ," ಎಂದಿತು ಹುಡುಗಿ ಹೆಮ್ಮೆಯಿಂದ.

ಬಸ್ಸಿಗೆ ಬಸ್ಸೇ ನಕ್ಕಿತು. ತಾಯಿ ಮಗಳ ಬೆನ್ನಿಗೊಂದು ಗುದ್ದಿ ಅರ್ಧ ಟಿಕೆಟ್ಟು ತೆಗೆದುಕೊಂಡಳು. ಸುಮನಳೂ ನಕ್ಕಳು. ನಕ್ಕು ತನ್ನ ಸೀಟಿನಲ್ಲಿ ಕೂತ ಮೇಲೆ ಕೈಯಲ್ಲಿದ್ದ ಟಿಕೆಟ್ ಮಷಿನ್ನು ಮುಂದಿನ ಊರು ಬರುವತನಕ ಸುಮ್ಮನೆ ಹಾಗೇ ಇತ್ತು.

ಮನೆಯಲ್ಲಿ ಅತ್ತೆ ಗುಡ್ಡವ್ವ ಕೆಟ್ಟವಳಲ್ಲ. ಆದರೆ ಬಾಯಿ ಸುಮ್ಮನಿರುವುದಿಲ್ಲ. ಸೊಸೆ ಡ್ಯೂಟಿ ಮುಗಿಸಿ ಬಂದು ಕಾಲು ತೊಳೆಯುವಾಗಲೇ ಅಡುಗೆ ಮನೆಯಿಂದ ಮಾತು ಬರುತ್ತಿತ್ತು. "ದಿನಾ ಎಂಟ ತಾಸು ಆ ಡಬ್ಬಿಯೊಳಗ ಕುಲಕ್ಯಾಡ್ತಿ. ಬಿತ್ತಿದ್ದು ಬೇರ ಬಿಡಾಕ ಜರಾ ನೆಲಾ ಸುಮ್ನ ಇರಬೇಕ ಬ್ಯಾಡ?" ಡಾಕ್ಟರು ಹಾಗಲ್ಲ ಎಂದು ಹೇಳಿದ್ದಾರೆ ಎಂದು ಸುಮನ ಹೇಳಿದರೆ, ಡಾಕ್ಟರು ಕಾರಿನಲ್ಲಿ ಓಡಾಡುತ್ತಾರೆ, ಅವರಿಗೇನು ಗೊತ್ತು ಎನ್ನುತ್ತಿದ್ದಳು. ಆಮೇಲೆ ತಾನೇ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಮುಂದಿಡುತ್ತಿದ್ದಳು.

ಮೇ ತಿಂಗಳಿಗೆ ಡಾಕ್ಟರು ಹೇಳಿದ ವರ್ಷ ತುಂಬಿತು. ಹೋಗೋಣವೇ ಎಂದು ಸ್ವಪ್ನಿಲ್ ಒಮ್ಮೆ ಕೇಳಿದ. ರಜೆ ಸಿಗುವುದಿಲ್ಲ ಎಂದಳು ಸುಮನ. ಅದು ಪೂರಾ ಸುಳ್ಳಲ್ಲ. ಮುಂದಿನ ತಿಂಗಳೇ ಹೆಂಗಸರಿಗೆ ಬಸ್ಸು ಫ್ರೀ ಆಗಿ, ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು; ಕಂಡಕ್ಟರಿಗೆ ರಜೆ ಕೇಳುವ ಬಾಯೇ ಇರಲಿಲ್ಲ. ಆದರೆ ಪೂರಾ ಖರೆಯೂ ಅಲ್ಲ. ಎಂಟು ತಿಂಗಳಿಗೇ ಓಡಿಹೋದವಳು ಈಗ ಹಿಂಜರಿಯುತ್ತಿದ್ದಳು. ಮತ್ತೆ ಆ ಮೇಜಿನ ಮುಂದೆ ಕೂರಬೇಕು, ಮತ್ತೆ ಅವರು ಕಾರ್ಡು ನೋಡಿ ಬರೆಯುತ್ತಾರೆ, ಮತ್ತೆ ಹೇಳದೆ ಬರಬೇಕು. ಮೂವತ್ತೆರಡಕ್ಕೆ ಟೈಮ್ ಇದೆ ಎಂದು ಬೇರೆಯವರಿಗೆ ಹೇಳಿ ಹೇಳಿ ಅವಳಿಗೇ ಅದರಲ್ಲಿ ಅರ್ಧ ನಂಬಿಕೆ ಬಂದಿತ್ತು. ಹಿಂದೆ ನೌಕರಿಗೆ, ಮದುವೆಗೆ ಒದಗಿದ ವರ್ಷಗಳು ಇದಕ್ಕೂ ಒದಗಲಿ ಎಂದು ಆಸೆಪಟ್ಟಳು.

ನವೆಂಬರಿನಲ್ಲಿ ಮುಟ್ಟು ಹನ್ನೆರಡು ದಿನ ಮುಂದಕ್ಕೆ ಹೋಯಿತು. ಅವಳು ಯಾರಿಗೂ ಹೇಳಲಿಲ್ಲ. ಸ್ವಪ್ನಿಲ್‌ಗೆ ಗೊತ್ತಾಯಿತು, ಅವನೂ ಹೇಳಲಿಲ್ಲ. ಆದರೆ ನೀರಿನ ಕೊಡ ಎತ್ತಲು ಬಿಡುತ್ತಿರಲಿಲ್ಲ, ಬೆಳಿಗ್ಗೆ ತಾನೇ ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ನಿಧಾನವಾಗಿ ಬಿಟ್ಟು ಬರುತ್ತಿದ್ದ. ಹದಿಮೂರನೆಯ ದಿನ ಘಟಪ್ರಭಾದ ಸ್ಟಾಪಿನಲ್ಲಿ ಬಸ್ಸು ನಿಂತಾಗ ಒಳಗೆ ಬಿಸಿಯಾಗಿ ಇಳಿದದ್ದು ಅವಳಿಗೆ ತಿಳಿಯಿತು. ಇನ್ನೂ ಒಂದು ಟ್ರಿಪ್ಪು ಬಾಕಿ ಇತ್ತು. ಟಿಕೆಟ್ಟು ಕೊಡುತ್ತಲೇ ಹುಕ್ಕೇರಿಗೆ ಬಂದಳು. ಮರುದಿನ ಸ್ವಪ್ನಿಲ್ ಬೈಕು ತೆಗೆಯುವ ಮೊದಲೇ ಅವಳು ಕೊಡ ಎತ್ತಿಕೊಂಡು ನಳದ ಕಡೆ ಹೋದಳು. ಅವನು ನೋಡಿ ತಲೆ ತಗ್ಗಿಸಿದ.

ಆಮೇಲೆ ಅತ್ತೆಯ ಪಿತ್ತಕೋಶದ ಕಲ್ಲಿನ ಆಪರೇಶನ್ನು, ಅದರ ಹಿಂದೆ ಚುನಾವಣೆಯ ಬಸ್ಸುಗಳು, ಅದರ ಹಿಂದೆ ಮಳೆಗಾಲ. ಒಂದೊಂದಕ್ಕೂ ಕಾರಣವಿತ್ತು. ಮತ್ತೆ ಗೋಕಾಕಿನ ದವಾಖಾನೆಯ ಮೆಟ್ಟಿಲು ಹತ್ತಿದಾಗ 2024ರ ಅಕ್ಟೋಬರು ಬಂದಿತ್ತು. ಕಾರ್ಡಿನ ಪ್ರಕಾರ ಮೂವತ್ಮೂರು. ಸುಮನಳಿಗೆ ಮೂವತ್ತೇಳು.

ಈ ಸಲ ಡಾಕ್ಟರು ತಡ ಮಾಡಲಿಲ್ಲ. ಸ್ವಪ್ನಿಲ್‌ನ ತಪಾಸಣೆ ಮೊದಲು ಮಾಡಿಸಿದರು, ಅದರಲ್ಲಿ ದೋಷವಿರಲಿಲ್ಲ. ಸುಮನಳ ರಕ್ತ ಕಳಿಸಿದರು, ಸ್ಕ್ಯಾನ್ ಮಾಡಿದರು. ಸ್ಕ್ಯಾನಿನ ಹೊತ್ತಿಗೆ ಡಾಕ್ಟರು ಬಹಳ ಹೊತ್ತು ಒಂದೇ ಕಡೆ ಹುಡುಕುತ್ತಿದ್ದರು. ವಾರದ ಮೇಲೆ ರಕ್ತದ ರಿಪೋರ್ಟು ಬಂದಾಗ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಹೆಣ್ಣುಮಗಳು ಹುಟ್ಟುವಾಗಲೇ ತನ್ನ ಪಾಲಿನ ಅಂಡಗಳನ್ನು ಹೊತ್ತು ಬಂದಿರುತ್ತಾಳೆ. ಹೊಸದು ಹುಟ್ಟುವುದಿಲ್ಲ, ಇದ್ದದ್ದು ವರ್ಷವರ್ಷ ಕಡಿಮೆಯಾಗುತ್ತದೆ. ಮೂವತ್ತೈದರ ನಂತರ ಬೇಗ ಬೇಗ. ಕೆಲವರದು ಬೇರೆಯವರಿಗಿಂತ ಮೊದಲೇ ಮುಗಿಯುತ್ತ ಬರುತ್ತದೆ. ಸುಮನಳಲ್ಲಿ ಉಳಿದದ್ದು ಬಹಳ ಕಡಿಮೆ.

"ಆದ್ರ ಮೂವತ್ಮೂರಕ್ಕ ಇಷ್ಟು ಕಡಿಮಿ ಅಂದ್ರ ನನಗ ಹೊಂದವಲ್ದು," ಎಂದರು ಡಾಕ್ಟರು. ರಿಪೋರ್ಟು ತಿರುಗಿಸಿ ಮತ್ತೆ ನೋಡಿದರು. "ನಿಮ್ಮ ತಾಯಿಗೆ ಲಗೂ ಮುಟ್ಟು ನಿಂತಿತ್ತೇನ್ರಿ? ಸಣ್ಣಾಕಿದ್ದಾಗ ಟೀಬಿ ಏನರ ಆಗಿತ್ತ?"

ಇಲ್ಲ ಎಂದಳು. ಡಾಕ್ಟರು ಬೇರೆ ಲ್ಯಾಬಿನಲ್ಲಿ ಮತ್ತೊಮ್ಮೆ ರಕ್ತ ಕೊಡಲು ಹೇಳಿ, ಇನ್ನೂ ನಾಲ್ಕೈದು ತಪಾಸಣೆ ಬರೆಯತೊಡಗಿದರು. ಯಾವ ರೋಗ ಇರಬಹುದೆಂದು ಅವರು ಹಣೆ ಸುಕ್ಕಾಗಿಸಿ ಯೋಚಿಸುವುದನ್ನು ಸುಮನ ನೋಡುತ್ತಿದ್ದಳು. ಇಲ್ಲದ ರೋಗವನ್ನು ಅವರು ಹುಡುಕುತ್ತಿದ್ದಾರೆ, ತಾನು ಹುಡುಕಲು ಬಿಟ್ಟು ಕೂತಿದ್ದೇನೆ. ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ಆದರೂ ಚೀಟಿ ತೆಗೆದುಕೊಂಡು ಎದ್ದಳು.

ಘಟಪ್ರಭಾಕ್ಕೆ ಬಂದಾಗ ಹುಕ್ಕೇರಿಯ ಬಸ್ಸು ಹೋಗಿಬಿಟ್ಟಿತ್ತು. ಮುಂದಿನದಕ್ಕೆ ಮುಕ್ಕಾಲು ತಾಸು. ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಗುರುತಿನ ಡ್ರೈವರು, ಕಂಡಕ್ಟರು ಮಾತಾಡಿಸುತ್ತಾರೆಂದು ಅವಳೇ ರೈಲು ಸ್ಟೇಶನ್ನಿನ ಕಡೆ ನಡೆದಳು. ಮಧ್ಯಾಹ್ನದ ಹೊತ್ತು, ಪ್ಲಾಟ್‌ಫಾರ್ಮ್ ಖಾಲಿಯಿತ್ತು. ಬೇವಿನ ನೆರಳಿದ್ದ ಬೆಂಚಿನ ಮೇಲೆ ಕೂತರು. ಸ್ವಪ್ನಿಲ್ ಡಾಕ್ಟರು ಕೊಟ್ಟ ಚೀಟಿಯನ್ನು ತೆಗೆದು ಓದಿದ, ಮಡಚಿದ, ಮತ್ತೆ ತೆಗೆದ.

"ಆ ತಪಾಸಣಿ ಬ್ಯಾಡ್ರಿ," ಎಂದಳು ಸುಮನ. "ನನಗ ರೋಗ ಇಲ್ಲ. ನನಗ ಮೂವತ್ಮೂರಲ್ಲ. ಮೂವತ್ತೇಳು. ಸಾಲ್ಯಾಗ ಮಾಸ್ತರು ನಾಕು ವರ್ಷ ಕಡಿಮಿ ಬರದಾರ."

ಹೇಳಿಬಿಟ್ಟು ಅವಳು ಹಳಿಗಳ ಕಡೆ ನೋಡುತ್ತ ಕೂತಳು. ಅವನು ಎದ್ದುಹೋಗಬಹುದು, ಬೈಯಬಹುದು, ನಿಮ್ಮವರೆಲ್ಲ ಕೂಡಿ ಮೋಸ ಮಾಡಿದಿರಿ ಎನ್ನಬಹುದು. ಎರಡೂವರೆ ವರ್ಷದಿಂದ ಇದೆಲ್ಲವನ್ನೂ ಅವಳು ತಲೆಯಲ್ಲಿ ಆಡಿಸಿ ನೋಡಿದ್ದಳು. ಪ್ರತಿಯೊಂದಕ್ಕೂ ತಾನು ಏನು ಹೇಳಬೇಕೆಂಬುದೂ ತಯಾರಿತ್ತು.

"ಗೊತ್ತೈತಿ," ಎಂದ ಸ್ವಪ್ನಿಲ್.

ಅವಳು ಅವನ ಕಡೆ ತಿರುಗಿದಳು.

"ಮದವಿಗಿಂತ ಮೊದಲ ಗೊತ್ತೈತಿ. ನಿಮ್ಮವ್ವ ಬಂದು ಹೇಳಿ ಹೋಗ್ಯಾರ."

ಮಾತು ಪಕ್ಕಾ ಆದ ಮೂರನೆಯ ದಿನ ರಾಯವ್ವ ಯಾರಿಗೂ ಹೇಳದೆ ಒಬ್ಬಳೇ ಬಸ್ಸು ಹತ್ತಿ ಹುಕ್ಕೇರಿಗೆ ಬಂದಿದ್ದಳಂತೆ. ಗುಡ್ಡವ್ವನ ಮುಂದೆ ಕೂತು, ಶಾಲೆಗೆ ಸೇರಿಸುವಾಗ ನಾಲ್ಕು ವರ್ಷ ಕಡಿಮೆ ಬರೆಸಿದ್ದೇನೆ, ಮುಂದೆ ಯಾವತ್ತೋ ಗೊತ್ತಾಗಿ ನನ್ನ ಮಗಳು ಮಾತು ಕೇಳುವಂತಾಗಬಾರದು, ಒಪ್ಪಿಗೆ ಇಲ್ಲದಿದ್ದರೆ ಈಗಲೇ ಬಿಟ್ಟುಬಿಡಿ ಎಂದಳಂತೆ. ಗುಡ್ಡವ್ವ ನಕ್ಕು, ನನಗೆ ನನ್ನ ವಯಸ್ಸೇ ಗೊತ್ತಿಲ್ಲ, ನಿನ್ನ ಮಗಳದ್ದು ತಗೊಂಡು ಏನು ಮಾಡಲಿ ಎಂದು ಚಹಾ ಕೊಟ್ಟು ಕಳಿಸಿದ್ದಳಂತೆ. ಆ ಸಂಜೆ ಮಗನಿಗೆ ಹೇಳಿದಳು. ಅವನು ಇರಲಿ ಎಂದ. ತಾನು ಬಂದದ್ದು ಮಗಳಿಗೆ ಗೊತ್ತಾಗುವುದು ಬೇಡ, ಬಹಳ ಮನಸ್ಸಿಗೆ ಹಚ್ಚಿಕೊಳ್ಳುವವಳು ಎಂದು ರಾಯವ್ವ ಕೈ ಮುಗಿದು ಹೋಗಿದ್ದರಿಂದ ಆ ಮನೆಯಲ್ಲಿ ಮತ್ತೆ ಆ ಮಾತು ಬರಲಿಲ್ಲ.

ಸುಮನ ಅವನ ಕೈಯಲ್ಲಿದ್ದ ಚೀಟಿಯನ್ನೇ ನೋಡಿದಳು. ದೂರದಲ್ಲಿ ಯಾರೋ ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದರು.

"ಹಂಗಾದ್ರ ಅವತ್ತ ಡಾಕ್ಟರ ಮುಂದ ಯಾಕ ಹೇಳಲಿಲ್ರಿ?"

"ನೀ ಕಾರ್ಡ ಇಟ್ಟಿ."

"ನಾ ಅಂಜಿ ಇಟ್ಟೆ."

"ನನಗೇನ ಗೊತ್ತಾಗಬೇಕ. ಹೇಳೂದು ಬ್ಯಾಡಂತ ಇಟ್ಟಿ ಅಂತ ತಿಳಕೊಂಡ್ನಿ." ಅವನು ಚೀಟಿಯನ್ನು ಸಣ್ಣಗೆ ಮಡಚುತ್ತಿದ್ದ. "ನಾ ಬಾಯಿ ಬಿಟ್ರ ನಾಳೆ ನಿನ್ನ ನೌಕರಿಗೆ ಏನರ ಆದ್ರ? ನಿನಗ ನನ್ನ ಮುಂದ ನಾಚಿಕಿ ಆದ್ರ? ಖರೆ ಹೇಳ್ತೇನಿ ಸುಮನ, ಬಾಯಿ ತನಕ ಬಂದಿತ್ತು. ವರ್ಷ ನೋಡ್ರಿ ಅಂದಾರಲ್ಲ, ನಾಕು ತಿಂಗಳ ತಡಾ ಆದ್ರ ಏನಾಗ್ತೈತಿ ಅಂದ್ಕೊಂಡ್ನಿ."

ಅವನು ಸಿಟ್ಟಾಗಿದ್ದರೆ ಒಳ್ಳೆಯದಿತ್ತು ಎನಿಸಿತು ಅವಳಿಗೆ. ಅವನು ಮೋಸ ಹೋದವನಾಗಿದ್ದರೆ ತಾನೊಬ್ಬಳೇ ತಪ್ಪಿತಸ್ಥೆಯಾಗಿ, ಅವನ ಕಾಲು ಹಿಡಿದು ಅತ್ತು, ಅದಕ್ಕೊಂದು ಕೊನೆ ಸಿಗುತ್ತಿತ್ತು. ಇಲ್ಲಿ ಹಿಡಿಯಲು ಯಾರ ಕಾಲೂ ಇರಲಿಲ್ಲ. ಅವಳು ಮುಚ್ಚಿಟ್ಟದ್ದು ಯಾರಿಗೂ ಮುಚ್ಚಿರಲಿಲ್ಲ. ಡಾಕ್ಟರೊಬ್ಬರಿಗೇ, ಗೊತ್ತಿರಲೇಬೇಕಾದವರೊಬ್ಬರಿಗೇ, ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಅವನು ಕಿಟಕಿಯ ಸೀಟು ಅವಳಿಗೆ ಬಿಟ್ಟ. ಹುಕ್ಕೇರಿ ಬರುವತನಕ ಅವಳು ಹೊರಗೆ ನೋಡುತ್ತಿದ್ದಳು. ಅವತ್ತು ಡ್ಯೂಟಿಯ ಮೇಲಿದ್ದ ಕಂಡಕ್ಟರು ಹಣಮಂತ, ಏನು ಅಕ್ಕಾರ, ಇವತ್ತು ಯಜಮಾನರ ಜೋಡಿ ತಿರುಗಾಟ ಎಂದು ಚೇಷ್ಟೆ ಮಾಡಿದ. ಹೌದಪ್ಪ ಎಂದಳು.

ಮರುವಾರ ಇಬ್ಬರೂ ಮತ್ತೆ ಗೋಕಾಕಿಗೆ ಹೋದರು. ಈ ಸಲ ಸುಮನ ಕೂರುವ ಮೊದಲೇ ಹೇಳಿದಳು. ನೌಕರಿಯ ಮಾತು, ಸಹಿ ಮಾಡಿದ ಮಾತು, ಎಲ್ಲವನ್ನೂ ಕೂಡಿಸಿ ಗೊಂದಲವಾಗಿ ಹೇಳಿದಳು. ಶೈಲಾ ಡಾಕ್ಟರು ಕೇಳುತ್ತಲೇ ಫೈಲು ಹತ್ತಿರ ಎಳೆದುಕೊಂಡರು. ಮೂವತ್ಮೂರರ ಮೇಲೆ ಒಂದು ಗೆರೆ ಎಳೆದು ಬಾಜೂಕ್ಕೆ ಮೂವತ್ತೇಳು ಎಂದು ಬರೆದರು. ಅಷ್ಟೇ. ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಈ ಫೈಲ ಎಲ್ಲೂ ಹೋಗೂದಿಲ್ಲವಾ," ಎಂದರು. ಅಲ್ಲಿಯತನಕ ನೀವು ಎನ್ನುತ್ತಿದ್ದವರು ಈಗ ಮನೆಯವಳಂತೆ ಮಾತಾಡಿದರು. "ಅಲ್ಲಿ ಕಪಾಟನ್ಯಾಗ ಇರ್ತೈತಿ. ನೀ ಕಿವ್ಯಾಗ ಹೇಳಿದ್ರೂ ಸಾಕಿತ್ತಲ್ಲ."

ಸುಮನ ತಲೆಯಾಡಿಸಿದಳು. ಸ್ವಪ್ನಿಲ್ ಕೇಳಿದ: ಅವತ್ತೇ ಹೇಳಿದ್ದರೆ, ಅವತ್ತೇ ಶುರು ಮಾಡಿದ್ದರೆ, ಆಗುತ್ತಿತ್ತೇ?

ಡಾಕ್ಟರು ಸುಳ್ಳು ಸಮಾಧಾನ ಹೇಳುವವರಲ್ಲ. "ಹೇಳಾಕ ಬರೂದಿಲ್ಲ. ಆಗಲೂ ಕಡಿಮಿ ಇತ್ತೋ ಏನೋ. ನೋಡಿದ್ರ ಗೊತ್ತಾಗ್ತಿತ್ತು. ಆದ್ರ ಪ್ರಯತ್ನಾ ಮಾಡಾಕ ಎರಡು ವರ್ಷ ಹೆಚ್ಚಿಗಿ ಸಿಗ್ತಿದ್ವು."

ಆಗುತ್ತಿತ್ತು ಎಂದಿದ್ದರೆ ಅಳಬಹುದಿತ್ತು. ಆಗುತ್ತಿರಲಿಲ್ಲ ಎಂದಿದ್ದರೆ ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವರು ಹೇಳಿದ್ದನ್ನು ಏನು ಮಾಡಿಕೊಳ್ಳಬೇಕೆಂದು ಸುಮನಳಿಗೆ ತಿಳಿಯಲಿಲ್ಲ. ಅದನ್ನು ಹಾಗೇ ಹೊತ್ತುಕೊಂಡು ಬಂದಳು.

ಡಾಕ್ಟರು ಬೆಳಗಾವಿಗೆ ಚೀಟಿ ಕೊಟ್ಟರು. ಅಲ್ಲಿ ದೇಹದ ಹೊರಗೆ ಅಂಡವನ್ನೂ ವೀರ್ಯವನ್ನೂ ಕೂಡಿಸಿ ಮತ್ತೆ ಒಳಗಿಡುತ್ತಾರೆ. ಒಂದೇ ಸಲ ಮಾಡಿ ನೋಡೋಣ ಎಂದು ಹೋದರು. ಹನ್ನೊಂದು ದಿನ ಸುಮನ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಸಿಕೊಂಡಳು. ಮೊದಲ ಎರಡು ದಿನ ನರ್ಸು ಕೊಟ್ಟರು, ಆಮೇಲೆ ಸ್ವಪ್ನಿಲ್ ಕಲಿತುಕೊಂಡ. ಲ್ಯಾಬಿನಲ್ಲಿ ಕೆಲಸ ಮಾಡುವ ಕೈ, ನಡುಗುತ್ತಿರಲಿಲ್ಲ. ಗುಡ್ಡವ್ವ ಬಾಗಿಲಲ್ಲಿ ನಿಂತು ನೋಡಲಾರದೆ ಹಿತ್ತಲಿಗೆ ಹೋಗುತ್ತಿದ್ದಳು. ಅಷ್ಟು ದಿನ ಆಕೆ ಬಸ್ಸಿನ ಮಾತು ತೆಗೆಯಲಿಲ್ಲ. ಬೇರೆಯವರಿಗೆ ಎಂಟು, ಹತ್ತು ಅಂಡ ಸಿಗುವ ಕಡೆ ಸುಮನಳಿಗೆ ಸಿಕ್ಕದ್ದು ಒಂದು. ಅದೂ ಫಲಿಸಲಿಲ್ಲ ಎಂದು ಮರುದಿನ ಫೋನು ಬಂತು. ಆಗ ಸ್ವಪ್ನಿಲ್ ಕಾಲೇಜಿನಲ್ಲಿದ್ದ, ಸುಮನ ಬಸ್ಸಿನಲ್ಲಿದ್ದಳು. ಆಯ್ತ್ರಿ ಎಂದು ಹೇಳಿ ಫೋನು ಇಟ್ಟು, ಮುಂದಿನ ಸ್ಟಾಪಿಗೆ ಸೀಟಿ ಊದಿದಳು.

ಬೆಳಗಾವಿಯವರು ಇನ್ನೊಂದು ದಾರಿ ಹೇಳಿದ್ದರು. ಬೇರೆ ಹೆಣ್ಣುಮಗಳೊಬ್ಬಳ ಅಂಡ ತೆಗೆದುಕೊಂಡು ಸುಮನಳ ಹೊಟ್ಟೆಯಲ್ಲಿ ಬೆಳೆಸುವುದು. ಅದಕ್ಕೆ ಕಾಯ್ದೆಯ ಪ್ರಕಾರ ದಾರಿ ಇದೆ, ಮಗು ನಿಮ್ಮದೇ ಆಗುತ್ತದೆ, ಒಂದು ತಿಂಗಳೊಳಗೆ ಇಬ್ಬರೂ ಮಾತಾಡಿಕೊಂಡು ಹೇಳಿ ಎಂದಿದ್ದರು.

ಆ ತಿಂಗಳು ಮುಗಿದು ಎರಡು ವಾರವಾಗಿತ್ತು. ಸುಮನಳಿಗೆ ಅದು ಬೇಕಿತ್ತು. ಆದರೆ ತನ್ನ ಬಾಯಿಂದ ಹೇಳಿದರೆ, ಇಷ್ಟೆಲ್ಲ ಆದಮೇಲೂ ಇವಳಿಗೆ ಕೇಳುವ ಹಕ್ಕೆಲ್ಲಿದೆ ಎಂದು ಅವನಿಗೆ ಅನಿಸೀತು ಎಂದು ಸುಮ್ಮನಿದ್ದಳು. ಅವನಿಗೆ ಬೇಕೋ ಬೇಡವೋ ಅವಳಿಗೆ ಗೊತ್ತಿರಲಿಲ್ಲ. ತಾನೇ ಮಾತೆತ್ತಿದರೆ ನಿನ್ನಿಂದ ಆಗಲಿಲ್ಲ ಎಂದು ಚುಚ್ಚಿದಂತಾದೀತು ಎಂದು ಅವನು ಹಿಂಜರಿಯುತ್ತಿದ್ದಾನೆಯೇ, ಅಥವಾ ಅವನಿಗೆ ಸಾಕಾಗಿದೆಯೇ? ಒಮ್ಮೊಮ್ಮೆ ಊಟದ ಹೊತ್ತಿಗೆ ಅವನು ತುತ್ತು ನಿಲ್ಲಿಸಿ ಅವಳ ಕಡೆ ನೋಡುತ್ತಿದ್ದ. ಅವಳು ಕಾಯುತ್ತಿದ್ದಳು. ಅವನು ನೀರು ಕೇಳುತ್ತಿದ್ದ.

ಒಂದು ಬೆಳಿಗ್ಗೆ ಮೊದಲ ಟ್ರಿಪ್ಪಿನ ಡ್ಯೂಟಿ. ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವಳು ನಡುಮನೆಗೆ ಬಂದಾಗ ಸ್ವಪ್ನಿಲ್ ಹೊಸ್ತಿಲ ಮೇಲೆ ಕೂತು ಬೈಕಿನ ಕೀಲಿ ಕೈಯಲ್ಲಿ ತಿರುಗಿಸುತ್ತಿದ್ದ. ಅತ್ತೆ ಇನ್ನೂ ಎದ್ದಿರಲಿಲ್ಲ. ಇವತ್ತು ಕೇಳಿಯೇಬಿಡಬೇಕು ಎಂದು ಅವಳು ರಾತ್ರಿಯೆಲ್ಲ ನಿರ್ಧಾರ ಮಾಡಿದ್ದಳು.

"ಏನ್ರಿ," ಎಂದಳು.

ಅವನು ತಟ್ಟನೆ ತಲೆ ಎತ್ತಿದ. ಅವನ ಮುಖದಲ್ಲಿ ಅದೇ ಮಾತು ಇದ್ದಂತೆ ಕಂಡಿತು, ಇಲ್ಲದಂತೆಯೂ ಕಂಡಿತು. ಅವಳು ಕೊನೆಯ ಗುಂಡಿ ಹಾಕಿಕೊಂಡಳು.

"ಡಬ್ಬಿ ಕಟ್ಟೇನಿ ನಿಮ್ಮದು. ಒಲಿ ಬಾಜೂಕ ಐತಿ."

"ಹೂಂ," ಎಂದ ಅವನು. ಸ್ವಲ್ಪ ತಡೆದು, "ಬಿಟ್ಟ ಬರ್ಲೇನ ಸ್ಟ್ಯಾಂಡಿಗೆ?" ಎಂದು ಕೇಳಿದ.

"ಬ್ಯಾಡ್ರಿ. ನಡದ ಹೋಗ್ತೇನಿ, ಟೈಮ್ ಐತಿ."

ಅವಳು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದಳು.